ಹದಿಹರೆಯದವರ ವ್ಯಕ್ತಿತ್ವ ಪರೀಕ್ಷೆ (ನ್ಯೂಯಾರ್ಕ್)

ಹದಿಹರೆಯದವರ ಸ್ವಭಾವವನ್ನೂ ಮನೆ, ಶಾಲೆ, ಗೆಳೆಯರ ನಡುವೆ ಅವರು ಹೊಂದಿಕೊಳ್ಳುವ ಬಗೆಯನ್ನೂ ಅಳೆಯುವ ಪ್ರಶ್ನಾವಳಿಗಳು ಮತ್ತು ಚಿತ್ರಪರೀಕ್ಷೆಗಳು. ಇವುಗಳ ಆರಂಭಕಾಲದ ಎರಡು ಮುಖ್ಯ ಪ್ರಯತ್ನಗಳು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನಡೆದವು.

ಪ್ರಶ್ನಾವಳಿ: ಮೊದಲ ವ್ಯಕ್ತಿತ್ವ ಪ್ರಶ್ನಾವಳಿಯ ಕಾಲವನ್ನು ಕೆಲವು ಗ್ರಂಥಗಳು 1917 ಎಂದರೆ ಇನ್ನು ಕೆಲವು 1919 ಅಥವಾ 1920 ಎನ್ನುತ್ತವೆ. ರಚನೆಗೂ ಪ್ರಕಟಣೆಗೂ ನಡುವೆ ಬಿದ್ದ ಅಂತರವೇ ಈ ಗೊಂದಲಕ್ಕೆ ಕಾರಣ. ಮೊದಲ ಮಹಾಯುದ್ಧದ ಒತ್ತಡ ತಾಳಲಾರದ ಸೈನಿಕರನ್ನು ಮುಂಚೆಯೇ ಗುರುತಿಸಲೆಂದು ಕೊಲಂಬಿಯಾದ ರಾಬರ್ಟ್ ವುಡ್‌ವರ್ತ್ ಅದನ್ನು ರೂಪಿಸಿದರು. ಅದು ಬಳಕೆಗೆ ಸಿದ್ಧವಾಗುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. 1923ರಲ್ಲಿ ಎಲೆನ್ ಮ್ಯಾಥ್ಯೂಸ್ ಅದನ್ನು ಮಕ್ಕಳಿಗೆ ಒಗ್ಗಿಸಿದರು. 1934ರಲ್ಲಿ ಬಂದ ಹ್ಯೂ ಬೆಲ್ ಅವರ ಪ್ರಶ್ನಾವಳಿ ಹೊಂದಾಣಿಕೆಯನ್ನು ಮನೆ, ಆರೋಗ್ಯ, ಸಮಾಜ, ಭಾವನೆ ಎಂದು ನಾಲ್ಕಾಗಿ ವಿಂಗಡಿಸಿತು.

ಚಿತ್ರ ಮತ್ತು ಕಥೆ: ಕೊಲಂಬಿಯಾದ ಟೀಚರ್ಸ್ ಕಾಲೇಜಿನ ಪರ್ಸಿವಲ್ ಸಿಮಂಡ್ಸ್ 40 ಹುಡುಗ ಹುಡುಗಿಯರ ಮುಂದೆ ಒಂದೊಂದೇ ಚಿತ್ರವಿಟ್ಟು ಕಥೆ ಹೇಳಿಸಿದರು. 1949ರಲ್ಲಿ ಪುಸ್ತಕವಾದ ಈ ಅಧ್ಯಯನದಲ್ಲಿ, ಶಾಲೆಯಲ್ಲಿ ಸರಿಯಾಗಿ ನಡೆದುಕೊಳ್ಳುತ್ತಿದ್ದ ಮಕ್ಕಳ ಕಥೆಗಳಲ್ಲೂ ಕೊಲೆ, ಸಾವು, ಜಗಳ ಧಾರಾಳವಾಗಿದ್ದವು. ಕಥೆಗೂ ನಡತೆಗೂ ನೇರ ನಂಟು ಕಾಣಲಿಲ್ಲ. ಸುಮಾರು 13 ವರ್ಷಗಳ ಬಳಿಕ ಅವರಲ್ಲಿ ಹಲವರನ್ನು ಹುಡುಕಿ ಮತ್ತೆ ಪರೀಕ್ಷಿಸಿದ ವಿವರ ಸಿಮಂಡ್ಸ್ ಮತ್ತು ಆರ್ಥರ್ ಜೆನ್ಸನ್ ಅವರ ಹೆಸರಿನಲ್ಲಿ 1961ರಲ್ಲಿ ಹೊರಬಂತು.

ಒಪ್ಪಿಗೆಯ ಪ್ರಶ್ನೆ: 1940–50ರ ದಶಕಗಳಲ್ಲಿ ಮಿನೆಸೋಟಾದ ಸುಮಾರು 15,000 ಒಂಬತ್ತನೇ ತರಗತಿಯವರಿಗೆ ಎಂಎಂಪಿಐ (ಮಿನೆಸೋಟಾ ಮಲ್ಟಿಫೇಸಿಕ್ ಪರ್ಸನಾಲಿಟಿ ಇನ್ವೆಂಟರಿ) ಎಂಬ ಪ್ರಶ್ನಾವಳಿ ಕೊಟ್ಟು, ಮುಂದೆ ಯಾರು ಅಡ್ಡದಾರಿ ಹಿಡಿಯಬಹುದೆಂದು ಅಂದಾಜಿಸುವ ಯತ್ನ ನಡೆಯಿತು. ಇಂಥದೇ ಹಂಬಲ ಪೆನ್ಸಿಲ್ವೇನಿಯಾದ ನಾರಿಸ್‌ಟೌನಿನಲ್ಲಿ ಕೋರ್ಟಿನ ಮೆಟ್ಟಿಲೇರಿತು. ಮಾದಕವಸ್ತುವಿನ ಚಟಕ್ಕೆ ಬೀಳಬಹುದಾದವರನ್ನು ಪತ್ತೆಹಚ್ಚಲೆಂದು ಎಂಟನೇ ತರಗತಿಗೆ ಸಿದ್ಧವಾಗಿದ್ದ ಪ್ರಶ್ನಾವಳಿ, ಚಿಕ್ಕಂದಿನಲ್ಲಿ ಮಲಗುವಾಗ ಅಪ್ಪ ಅಮ್ಮ ಅಪ್ಪಿ ಮುತ್ತಿಡುತ್ತಿದ್ದರೇ ಎಂಬುದನ್ನೂ ಕೆದಕುತ್ತಿತ್ತು. ಹೆತ್ತವರು ಬೇಡವೆನ್ನದಿದ್ದರೆ ಒಪ್ಪಿದಂತೆ ಎಂಬುದು ಮೊದಲಿನ ಏರ್ಪಾಡು. 1973ರಲ್ಲಿ ಫೆಡರಲ್ ನ್ಯಾಯಾಲಯ ಈ ಪರೀಕ್ಷೆಯನ್ನು ಖಾಸಗಿತನದ ಉಲ್ಲಂಘನೆಯೆಂದು ತಡೆಯಿತು.

ಈಚಿನ ಕಾಲ: 14ರಿಂದ 18 ವಯಸ್ಸಿನವರಿಗಾಗಿಯೇ ಎಂಎಂಪಿಐ-ಎ 1992ರಲ್ಲಿ ಬಂತು, ಅದರಲ್ಲಿ 478 ಹೇಳಿಕೆಗಳಿವೆ. ನ್ಯೂಯಾರ್ಕ್ ಸೇರಿ ಎಂಟು ರಾಜ್ಯಗಳ 1,620 ಹುಡುಗ ಹುಡುಗಿಯರ ಉತ್ತರಗಳೇ ಅದರ ಮಾನದಂಡ. 2016ರ ರೂಪದಲ್ಲಿ ಹೇಳಿಕೆಗಳು 241ಕ್ಕೆ ಇಳಿದವು. ಸ್ಪ್ಯಾನಿಷ್, ಬಂಗಾಳಿ, ನೇಪಾಳಿ ಒಂದೇ ಬೀದಿಯಲ್ಲಿ ಕೇಳಿಬರುವ, ನ್ಯೂಯಾರ್ಕ್ ನಗರದ ಜ್ಯಾಕ್ಸನ್ ಹೈಟ್ಸ್‌ನಂಥ ಬಡಾವಣೆಯಲ್ಲಿ ಅಂಕವನ್ನು ಓದುವ ಮುನ್ನ ಮಗುವಿನ ಮನೆಮಾತನ್ನೂ ಮನೆಯ ರೂಢಿಯನ್ನೂ ವಿಚಾರಿಸಬೇಕಾಗುತ್ತದೆ: ಅಪ್ಪನಿಗೆ ಎದುರಾಡದ ಹುಡುಗ ಒಂದು ಮನೆಯಲ್ಲಿ ವಿನಯವಂತ, ಪ್ರಶ್ನಾವಳಿಯ ಲೆಕ್ಕದಲ್ಲಿ ಮುದುಡಿದವನು.