ಬಿಡುಗಡೆಗೆಂದು ಬಂದ ಸೇನೆಗಳು: ಬಗ್ದಾದ್ ಕಲಿಸಿದ ಪಾಠ

ಸರ್ವಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಮುಹಮ್ಮದ್(ಸ), ಅವರ ಕುಟುಂಬ ಮತ್ತು ಸಹಾಬಿಗಳ ಮೇಲೆ ಶಾಂತಿ ಇರಲಿ.

ಒಂದು ದೇಶದ ಆಳುವವನು ತನ್ನ ಜನರನ್ನೇ ಹಿಂಸಿಸುತ್ತಿದ್ದಾನೆ. ಆಗ ಹೊರಗಿನ ದೇಶವೊಂದು ಸೈನ್ಯ ತಂದು ಅವನನ್ನು ಇಳಿಸಬಹುದೇ? ಇಳಿಸಿ, ಅಲ್ಲಿ ಪ್ರಜಾಪ್ರಭುತ್ವ ಸ್ಥಾಪಿಸುತ್ತೇವೆ ಎನ್ನಬಹುದೇ? ಜುಮಾ ಮುಗಿದ ಮೇಲೆ ನಮ್ಮ ಯುವಕರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಎತ್ತುತ್ತಾರೆ. ಇದೆಲ್ಲ ಎಣ್ಣೆಯ ಆಸೆಗೆ ಕಟ್ಟಿದ ನಾಟಕ ಎನ್ನುವವರಿದ್ದಾರೆ. ಹಾಗಾದರೆ ಅಲ್ಲಿ ಸಾಯುತ್ತಿರುವವರನ್ನು ಕಾಪಾಡುವವರು ಯಾರು ಎಂದು ಕೇಳುವವರೂ ಇದ್ದಾರೆ. ಎರಡು ಮಾತಿನಲ್ಲೂ ಸತ್ಯಾಂಶವಿದೆ. ಆದ್ದರಿಂದ ಘೋಷಣೆಗಳನ್ನು ಬದಿಗಿಟ್ಟು ಇತಿಹಾಸವನ್ನು ನೋಡೋಣ. ನೂರು ವರ್ಷದೊಳಗೆ ಎರಡು ಬಾರಿ ಹೊರಗಿನ ಸೇನೆಗಳಿಂದ "ಬಿಡುಗಡೆ" ಪಡೆದ ಬಗ್ದಾದ್ ನಗರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಮೊದಲ ಬಿಡುಗಡೆ: 1917

ಒಂದನೇ ಮಹಾಯುದ್ಧದ ಕಾಲ. 1917ರ ಮಾರ್ಚ್ 11ರಂದು ಜನರಲ್ ಸ್ಟ್ಯಾನ್ಲಿ ಮಾಡ್ ನೇತೃತ್ವದ ಬ್ರಿಟಿಷ್ ಸೇನೆ ಉಸ್ಮಾನಿ ತುರ್ಕರನ್ನು ಹಿಮ್ಮೆಟ್ಟಿಸಿ ಬಗ್ದಾದನ್ನು ಪ್ರವೇಶಿಸಿತು. ಮಾರ್ಚ್ 19ರಂದು ನಗರದ ಜನರಿಗೆ ಒಂದು ಪ್ರಕಟಣೆ ಹೊರಟಿತು. ತಾವು ಗೆದ್ದು ಆಳಲು ಬಂದವರಲ್ಲ, ಶತ್ರುಗಳೂ ಅಲ್ಲ, ಜನರನ್ನು ಬಿಡಿಸಲು ಬಂದವರು ಎಂಬುದೇ ಅದರ ಸಾರ. ಅದನ್ನು ಬರೆದವರು ಸರ್ ಮಾರ್ಕ್ ಸೈಕ್ಸ್. ಹಿಂದಿನ ವರ್ಷ, 1916ರಲ್ಲಿ, ಫ್ರಾನ್ಸಿನ ಪಿಕೋ ಜೊತೆ ಕುಳಿತು ಅರಬ್ ನಾಡುಗಳನ್ನು ಗುಟ್ಟಾಗಿ ಪಾಲು ಹಾಕಿಕೊಂಡವರೂ ಇದೇ ಸೈಕ್ಸ್.

ಆ ಸೇನೆಯ ಸಿಪಾಯಿಗಳಲ್ಲಿ ಬಹಳ ಮಂದಿ ಭಾರತೀಯರು: ಹಿಂದೂಗಳು, ಸಿಖ್ಖರು, ಮುಸ್ಲಿಮರು. ದೆಹಲಿಯ ಇಂಡಿಯಾ ಗೇಟ್ ಸ್ಮರಿಸುವ ರಣರಂಗಗಳಲ್ಲಿ ಮೆಸಪೊಟೇಮಿಯಾ, ಅಂದರೆ ಇಂದಿನ ಇರಾಕ್, ಕೂಡ ಒಂದು. ಸ್ವಂತ ನಾಡಿನಲ್ಲೇ ಸ್ವರಾಜ್ಯವಿಲ್ಲದ ನಮ್ಮ ಹಿರಿಯರನ್ನು ಇನ್ನೊಬ್ಬರ ಬಿಡುಗಡೆಗೆಂದು ಕಳುಹಿಸಲಾಗಿತ್ತು. ಕಳುಹಿಸಿದವರ ಮಾತು ಎಷ್ಟು ಪ್ರಾಮಾಣಿಕವಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಯುದ್ಧ ಮುಗಿಯಿತು, ಸೇನೆ ಹೋಗಲಿಲ್ಲ. 1920ರ ಏಪ್ರಿಲ್‌ನಲ್ಲಿ ಸ್ಯಾನ್ ರೆಮೋ ಸಭೆ ಇರಾಕನ್ನು ಬ್ರಿಟನ್ನಿನ ಉಸ್ತುವಾರಿಗೆ ಒಪ್ಪಿಸಿತು. ಆ ವರ್ಷದ ರಂಝಾನಿನಲ್ಲಿ ಬಗ್ದಾದಿನ ಮಸೀದಿಗಳಲ್ಲಿ ಸುನ್ನಿಗಳೂ ಶಿಯಾಗಳೂ ಒಟ್ಟಿಗೆ ಸೇರಿದರು. ಒಬ್ಬರ ಮೌಲಿದ್ ಮಜ್ಲಿಸಿಗೆ ಇನ್ನೊಬ್ಬರು, ಇವರ ಶೋಕಸಭೆಗೆ ಅವರು ಹೋದರು. ಬೇಸಿಗೆಯಲ್ಲಿ ದಂಗೆ ಎದ್ದಿತು. ಅದನ್ನು ವಿಮಾನಗಳಿಂದಲೂ ಭಾರತದಿಂದ ತರಿಸಿದ ಪಡೆಗಳಿಂದಲೂ ಅಡಗಿಸಲಾಯಿತು. 1921ರಲ್ಲಿ ಹೊರಗಿನಿಂದ ಫೈಸಲ್ ಎಂಬ ಅರಸನನ್ನು ತಂದು ಕೂರಿಸಿದರು. ಶೇಕಡಾ 96 ಜನ ಒಪ್ಪಿದ್ದಾರೆ ಎಂದು ಸಾರಿದರು. 1932ರಲ್ಲಿ ಕಾಗದದ ಮೇಲೆ ಸ್ವಾತಂತ್ರ್ಯ ಬಂತು, ಆದರೆ ಬ್ರಿಟಿಷರ ವಾಯುನೆಲೆಗಳು ಉಳಿದವು. ಪಾರ್ಲಿಮೆಂಟ್ ಇತ್ತು, ಚುನಾವಣೆಯೂ ಇತ್ತು, ಆದರೆ ಜನರಿಗೆ ಅದು ತಮ್ಮದು ಅನಿಸಲಿಲ್ಲ. 1958ರ ಜುಲೈ 14ರಂದು ಸೈನಿಕ ಕ್ರಾಂತಿಯಲ್ಲಿ ಅರಸೊತ್ತಿಗೆ ಕೊಚ್ಚಿಹೋಯಿತು. ಅದರ ಹಿಂದೆ ಒಬ್ಬರಾದ ಮೇಲೊಬ್ಬರು ಬಂದೂಕಿನ ಬಲದಿಂದ ಬಂದರು. ಕೊನೆಗೆ ಬಂದವನು ಸದ್ದಾಮ್ ಹುಸೇನ್.

ಎರಡನೇ ಬಿಡುಗಡೆ: 2003

ಸದ್ದಾಮನ ಝುಲ್ಮನ್ನು ಮೊದಲು ಹೇಳಿಯೇ ಮುಂದೆ ಹೋಗಬೇಕು. 1988ರ ಮಾರ್ಚ್ 16ರಂದು ಹಲಬ್ಜಾ ಪಟ್ಟಣದ ಮೇಲೆ ಅವನ ಸೇನೆ ವಿಷಾನಿಲ ಸುರಿಯಿತು. ಸುಮಾರು 5,000 ಕುರ್ದ್ ಜನರು ಸತ್ತರು. ಹೆಂಗಸರು ಮಕ್ಕಳು ನಿಂತಲ್ಲೇ ಬಿದ್ದರು. 1990ರ ಆಗಸ್ಟ್‌ನಲ್ಲಿ ಅವನು ಕುವೈತಿಗೆ ನುಗ್ಗಿದಾಗ, ಅಲ್ಲಿನ ಕ್ರಾಂತಿಕಾರಿಗಳೇ ತನ್ನನ್ನು ನೆರವಿಗೆ ಕರೆದರೆಂದು ಸಾರಿ, ಒಂದು ಬೊಂಬೆ ಸರಕಾರವನ್ನೂ ನಿಲ್ಲಿಸಿದ. ಆಗ ದುಡಿಮೆ ಕಳೆದುಕೊಂಡು ಏರ್ ಇಂಡಿಯಾ ವಿಮಾನಗಳಲ್ಲಿ ಊರಿಗೆ ಮರಳಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರಲ್ಲಿ ನಮ್ಮ ಕರಾವಳಿಯ ಮನೆಗಳವರೂ ಇದ್ದರು. ಬಿಡಿಸಲು ಬಂದೆವು ಎಂಬ ಮಾತು ಪಶ್ಚಿಮದವರ ಸೊತ್ತು ಮಾತ್ರವಲ್ಲ. 1979ರ ಡಿಸೆಂಬರ್‌ನಲ್ಲಿ ಅಫ್ಘಾನಿಸ್ತಾನಕ್ಕೆ ಹೊಕ್ಕ ಸೋವಿಯತ್ ಸೇನೆಯೂ ಕರೆದರು, ಬಂದೆವು ಎಂದೇ ಹೇಳಿತ್ತು.

2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಮಂತ್ರಿ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯ ಮುಂದೆ ಕುಳಿತು, ಇರಾಕಿನ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ವಾದಿಸಿದರು. ಮಂಡಳಿಯ ಒಪ್ಪಿಗೆ ಸಿಗದಿದ್ದರೂ ಮಾರ್ಚ್ 20ರಂದು ಯುದ್ಧ ಆರಂಭವಾಯಿತು. ಏಪ್ರಿಲ್ 9ರಂದು ಬಗ್ದಾದ್ ಬಿತ್ತು. ಮುಂದಿನ ವರ್ಷ ಅಮೆರಿಕದ್ದೇ ತನಿಖಾ ತಂಡ, ಅಂತಹ ಅಸ್ತ್ರಗಳ ಸಂಗ್ರಹ ಇರಲಿಲ್ಲ ಎಂದು ವರದಿ ಕೊಟ್ಟಿತು. ಅಷ್ಟರಲ್ಲಿ ಕಾರಣ ಬದಲಾಗಿತ್ತು. ಮಧ್ಯಪ್ರಾಚ್ಯದಲ್ಲಿ ಪ್ರಜಾಪ್ರಭುತ್ವ ಹರಡುವುದೇ ಉದ್ದೇಶ ಎಂದು ಅಧ್ಯಕ್ಷ ಬುಷ್ 2003ರ ನವೆಂಬರ್‌ನಲ್ಲಿ ಭಾಷಣ ಮಾಡಿದರು.

ಆ ಪ್ರಜಾಪ್ರಭುತ್ವವನ್ನು ಹೇಗೆ ಕಟ್ಟಿದರು? 2003ರ ಮೇ ತಿಂಗಳಲ್ಲಿ ಎರಡು ಆಜ್ಞೆಗಳು ಹೊರಟವು. ಒಂದು ಬಾಥ್ ಪಕ್ಷದ ಸದಸ್ಯರನ್ನು ಸರಕಾರಿ ಹುದ್ದೆಗಳಿಂದ ಹೊರಹಾಕಿತು. ಇನ್ನೊಂದು ಇಡೀ ಇರಾಕಿ ಸೇನೆಯನ್ನೇ ವಿಸರ್ಜಿಸಿತು. ಲಕ್ಷಾಂತರ ಮನೆಗಳ ಅನ್ನ ಒಮ್ಮೆಗೇ ನಿಂತಿತು. ಬಂದೂಕು ಹಿಡಿದು ಗೊತ್ತಿದ್ದವರು ಬೀದಿಗೆ ಬಿದ್ದರು. ಜುಲೈಯಲ್ಲಿ 25 ಮಂದಿಯ ಆಡಳಿತ ಮಂಡಳಿಯನ್ನು ನೇಮಿಸಿದರು: 13 ಶಿಯಾ, 5 ಸುನ್ನಿ ಅರಬ್, 5 ಕುರ್ದ್, ತುರ್ಕ್‌ಮನ್ ಒಬ್ಬರು, ಅಸ್ಸೀರಿಯನ್ ಕ್ರೈಸ್ತರು ಒಬ್ಬರು. 1920ರಲ್ಲಿ ಒಂದೇ ಮಸೀದಿಯಲ್ಲಿ ಸೇರಿದ್ದ ಜನರನ್ನು ಈಗ ತಲೆ ಎಣಿಸಿ ಪಾಲು ಮಾಡಲಾಯಿತು.

ಆದರೂ ಜನರಲ್ಲಿ ಆಸೆಯಿತ್ತು. 2005ರ ಜನವರಿ 30ರ ಚುನಾವಣೆಯಲ್ಲಿ ಬಾಂಬ್ ಬೆದರಿಕೆಯ ನಡುವೆ 80 ಲಕ್ಷಕ್ಕೂ ಹೆಚ್ಚು ಇರಾಕಿಗಳು ಮತ ಹಾಕಿ, ಶಾಯಿ ಹಚ್ಚಿದ ಬೆರಳನ್ನು ಎತ್ತಿ ತೋರಿಸಿದರು. ಮುಸ್ಲಿಮರಿಗೆ ಪ್ರಜಾಪ್ರಭುತ್ವ ಒಗ್ಗದು ಎನ್ನುವವರಿಗೆ ಆ ಬೆರಳುಗಳೇ ಉತ್ತರ. ಆದರೆ ಸುನ್ನಿ ಪ್ರದೇಶಗಳ ಬಹುಪಾಲು ಜನ ದೂರ ಉಳಿದರು. 2006ರ ಫೆಬ್ರವರಿ 22ರಂದು ಸಾಮರ್ರಾದ ಅಸ್ಕರಿ ದರ್ಗಾದ ಗುಮ್ಮಟವನ್ನು ಸ್ಫೋಟಿಸಲಾಯಿತು. ಆಮೇಲೆ ನೆರೆಮನೆಯವರು ನೆರೆಮನೆಯವರನ್ನು ಕೊಂದ ದಿನಗಳು ಬಂದವು. 2014ರ ಜೂನ್‌ನಲ್ಲಿ ಐಸಿಸ್ ಮೊಸುಲನ್ನು ಹಿಡಿಯಿತು. ಅಲ್ಲಿನ ಪುರಾತನ ನೂರಿ ಮಸೀದಿ 2017ರಲ್ಲಿ ನೆಲಸಮವಾಯಿತು. ಈ ವರ್ಷಗಳಲ್ಲಿ ಸತ್ತ ನಾಗರಿಕರು ಲಕ್ಷಕ್ಕೂ ಹೆಚ್ಚು.

ಸೂರಃ ಅನ್ನಮ್ಲ್‌ನಲ್ಲಿ ಸಬಾದ ರಾಣಿಯ ಮಾತು ಬರುತ್ತದೆ. ಅರಸರು ಒಂದು ಊರನ್ನು ಹೊಕ್ಕರೆ ಅದನ್ನು ಕೆಡಿಸುತ್ತಾರೆ, ಅಲ್ಲಿನ ಮಾನವಂತರನ್ನು ಹೀನರನ್ನಾಗಿ ಮಾಡುತ್ತಾರೆ ಎಂಬ ಅರ್ಥದ ಮಾತು. ಆಕೆ ಅದನ್ನು ಹೇಳಿದ್ದು ತನ್ನ ಪ್ರಮುಖರೊಂದಿಗೆ ಸಮಾಲೋಚನೆ ನಡೆಸುತ್ತಾ ಎಂಬುದನ್ನೂ ಗಮನಿಸಬೇಕು.

ಹಾಗಾದರೆ ಸುಮ್ಮನಿರುವುದೇ?

ಇಷ್ಟು ಕೇಳಿ, ಯಾರೂ ಯಾರ ದೇಶಕ್ಕೂ ಹೋಗಲೇಬಾರದು ಎಂದು ಮುಗಿಸಿದರೆ ಬೋಸ್ನಿಯಾ ನಮ್ಮೆದುರು ನಿಲ್ಲುತ್ತದೆ. 1995ರ ಜುಲೈಯಲ್ಲಿ ಸ್ರೆಬ್ರೆನಿಕಾ ಪಟ್ಟಣದಲ್ಲಿ ಸುಮಾರು 8,000 ಮುಸ್ಲಿಮ್ ಗಂಡಸರನ್ನೂ ಹುಡುಗರನ್ನೂ ಬೋಸ್ನಿಯನ್ ಸರ್ಬ್ ಪಡೆಗಳು ಕೊಂದವು. ವಿಶ್ವಸಂಸ್ಥೆ ಅದನ್ನು ಸುರಕ್ಷಿತ ಪ್ರದೇಶವೆಂದು ಘೋಷಿಸಿತ್ತು, ಡಚ್ ಶಾಂತಿಪಾಲಕರು ಅಲ್ಲೇ ಇದ್ದರು. ಶಸ್ತ್ರ ತರಿಸಿಕೊಳ್ಳಲು ಬೋಸ್ನಿಯಾ ಸರಕಾರಕ್ಕೆ ನಿರ್ಬಂಧವಿತ್ತು. ಆ ವರ್ಷದ ಆಗಸ್ಟ್ ಕೊನೆಯಲ್ಲಿ ನೇಟೋ ವಿಮಾನಗಳು ದಾಳಿ ಮಾಡಿದ ಮೇಲೆಯೇ ಮಾತುಕತೆ ವೇಗ ಪಡೆದು, ನವೆಂಬರ್‌ನಲ್ಲಿ ಡೇಟನ್ ಒಪ್ಪಂದ ಆಯಿತು. ಆ ದಿನಗಳಲ್ಲಿ ಯಾರಾದರೂ ಬಂದು ತಡೆಯಲಿ ಎಂದು ಜಗತ್ತಿನ ಮುಸ್ಲಿಮರೇ ಬೇಡಿದ್ದರು. ಬರಲಿಲ್ಲ ಎಂಬುದೇ ಅಲ್ಲಿ ಅಪರಾಧವಾಗಿತ್ತು.

ದುರ್ಬಲ ಗಂಡಸರು, ಹೆಂಗಸರು, ಮಕ್ಕಳು ಅಲ್ಲಾಹನಲ್ಲಿ ಮೊರೆಯಿಡುತ್ತಿರುವಾಗ ನೀವೇಕೆ ಅವರಿಗಾಗಿ ನಿಲ್ಲುವುದಿಲ್ಲ ಎಂದು ಸೂರಃ ಅನ್ನಿಸಾ ಪ್ರಶ್ನಿಸುತ್ತದೆ. ಪ್ರವಾದಿ(ಸ)ರು ಯೌವನದಲ್ಲಿ, ನುಬುವ್ವತ್ತಿಗೆ ಮುಂಚೆ, ಹಿಲ್ಫುಲ್ ಫುಝೂಲ್ ಒಪ್ಪಂದದಲ್ಲಿ ಭಾಗಿಯಾಗಿದ್ದರು. ಯಮನಿನ ಒಬ್ಬ ವ್ಯಾಪಾರಿಯ ಸರಕು ಪಡೆದು ಮಕ್ಕದ ಪ್ರಬಲನೊಬ್ಬ ಹಣ ಕೊಡಲಿಲ್ಲ. ಆಗ ಅಬ್ದುಲ್ಲಾಹ್ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿದವರು, ಮರ್ದಿತ ಯಾರೇ ಆಗಿರಲಿ ಅವನ ಪಕ್ಷದಲ್ಲಿ ನಿಲ್ಲುತ್ತೇವೆ ಎಂದು ಪ್ರಮಾಣ ಮಾಡಿದರು. ಇಸ್ಲಾಮ್ ಬಂದ ನಂತರವೂ ಅಂತಹ ಒಪ್ಪಂದಕ್ಕೆ ಕರೆದರೆ ತಾನು ಓಗೊಡುವೆ ಎಂದು ಪ್ರವಾದಿ(ಸ)ರು ಹೇಳಿದ್ದಾರೆ. ಮಕ್ಕದವರು ಮೊದಲು ತಡೆದದ್ದು ತಮ್ಮದೇ ಊರಿನ ದಬ್ಬಾಳಿಕೆಗಾರನನ್ನು ಎಂಬುದನ್ನು ಮರೆಯಬಾರದು.

ಅಳೆಯಲು ನಾಲ್ಕು ಅಳತೆಗಳು

ನೆರವು ಯಾವುದು, ಆಕ್ರಮಣ ಯಾವುದು ಎಂದು ತಿಳಿಯುವುದು ಹೇಗೆ? ಬಂದವನ ಭಾಷಣದಿಂದ ಅದು ತಿಳಿಯದು. ಸೂರಃ ಅಲ್‌ಬಕರಾದ ಆರಂಭದಲ್ಲೇ ಅಲ್ಲಾಹನು ಒಂದು ಬಗೆಯ ಜನರ ಬಗ್ಗೆ ಎಚ್ಚರಿಸಿದ್ದಾನೆ. ಕ್ಷೋಭೆ ಹರಡಬೇಡಿ ಎಂದರೆ, ತಾವು ಸುಧಾರಕರೇ ಎಂದು ಅವರು ಹೇಳಿಕೊಳ್ಳುತ್ತಾರೆ.

ಮೊದಲನೆಯದು ಸುದ್ದಿಯ ಪರಿಶೀಲನೆ. ಸುದ್ದಿ ಬಂದರೆ ಪರಿಶೀಲಿಸಿರಿ, ಇಲ್ಲವಾದರೆ ತಿಳಿಯದೆ ಒಂದು ಜನಾಂಗಕ್ಕೆ ಹಾನಿ ಮಾಡಿ ಪಶ್ಚಾತ್ತಾಪ ಪಡುವಿರಿ ಎಂಬುದು ಸೂರಃ ಅಲ್‌ಹುಜುರಾತ್‌ನ ಬೋಧನೆ. ಇರಾಕಿನಲ್ಲಿ ಆದದ್ದು ಇದೇ. ಶಾಂತಿಯ ದಾರಿಗಳು ಮುಗಿಯುವ ಮೊದಲೇ ಯುದ್ಧಕ್ಕೆ ಹೋದೆವು ಎಂದು ಬ್ರಿಟನ್ನಿನ ಚಿಲ್ಕಾಟ್ ವಿಚಾರಣೆ ತೀರ್ಮಾನಿಸಿದ್ದು 2016ರಲ್ಲಿ, ಹದಿಮೂರು ವರ್ಷಗಳ ನಂತರ.

ಎರಡನೆಯದು ತೀರ್ಮಾನಿಸುವವರು ಯಾರು ಎಂಬುದು. ಬಲವಿರುವ ಒಬ್ಬನೇ ದೂರುದಾರ, ನ್ಯಾಯಾಧೀಶ, ಶಿಕ್ಷೆ ಕೊಡುವವನು ಆಗುವಂತಿಲ್ಲ. 2003ರ ಏಪ್ರಿಲ್‌ನಲ್ಲಿ ನಮ್ಮ ಸಂಸತ್ತು ಇರಾಕ್ ಯುದ್ಧವನ್ನು ಖಂಡಿಸಿತು. ಜುಲೈಯಲ್ಲಿ, ವಿಶ್ವಸಂಸ್ಥೆಯ ಆದೇಶವಿಲ್ಲದೆ ಸೈನ್ಯ ಕಳುಹಿಸುವುದಿಲ್ಲ ಎಂದು ವಾಜಪೇಯಿ ಸರಕಾರ ಅಮೆರಿಕಕ್ಕೆ ತಿಳಿಸಿತು. 1917ರಲ್ಲಿ ನಮ್ಮ ಸಿಪಾಯಿಗಳಿಗೆ ಇಲ್ಲ ಎನ್ನುವ ಹಕ್ಕಿರಲಿಲ್ಲ. 2003ರಲ್ಲಿ ಸ್ವತಂತ್ರ ಭಾರತ ಆ ಹಕ್ಕನ್ನು ಬಳಸಿತು.

ಮೂರನೆಯದು ಮಿತಿ. ಅದೇ ಅಲ್‌ಹುಜುರಾತ್ ಅಧ್ಯಾಯ ಸತ್ಯವಿಶ್ವಾಸಿಗಳ ಎರಡು ಗುಂಪುಗಳು ಕಾದಾಡಿದರೆ ಏನು ಮಾಡಬೇಕೆಂದು ಕ್ರಮವಾಗಿ ಕಲಿಸುತ್ತದೆ: ಮೊದಲು ಸಂಧಾನ, ಒಪ್ಪದೆ ಅತಿಕ್ರಮಿಸುವವನನ್ನು ತಡೆಯುವುದು, ಅವನು ಮರಳಿದ ಕೂಡಲೇ ನಿಲ್ಲಿಸುವುದು, ಆಮೇಲೆ ನ್ಯಾಯದಿಂದ ರಾಜಿ. ಅವರ ನೆಲ ಹಿಡಿಯುವುದು, ಅವರಿಗೆ ಅರಸನನ್ನು ಆರಿಸುವುದು ಈ ಪಟ್ಟಿಯಲ್ಲಿ ಇಲ್ಲ. 2011ರ ಮಾರ್ಚ್‌ನಲ್ಲಿ ಲಿಬಿಯಾದ ನಾಗರಿಕರನ್ನು ರಕ್ಷಿಸಲು ಭದ್ರತಾ ಮಂಡಳಿ ಅನುಮತಿ ಕೊಟ್ಟಿತು. ಭಾರತ ಮತ ಹಾಕದೆ ಉಳಿಯಿತು. ರಕ್ಷಣೆಗೆಂದು ಆರಂಭವಾದ ದಾಳಿ ಗದ್ದಾಫಿಯ ಪತನದವರೆಗೂ ಹೋಯಿತು. ಆಮೇಲೆ ಆ ದೇಶ ಸಶಸ್ತ್ರ ಗುಂಪುಗಳ ಕೈಗೆ ಸಿಕ್ಕಿ ಎರಡು ಸರಕಾರಗಳಾಗಿ ಒಡೆಯಿತು.

ನಾಲ್ಕನೆಯದು ಹೊಣೆ. ಹಿಮ್ಸ್ ನಗರದ ಜನರನ್ನು ಬೈಝಂಟೈನ್ ಸೇನೆಯಿಂದ ರಕ್ಷಿಸಲಾಗದು ಎಂದಾದಾಗ, ಸಹಾಬಿಗಳು ಅವರಿಂದ ಪಡೆದಿದ್ದ ತೆರಿಗೆಯನ್ನು ಮರಳಿ ಕೊಟ್ಟರೆಂದು ಇತಿಹಾಸಕಾರ ಬಲಾದುರಿ ದಾಖಲಿಸಿದ್ದಾರೆ. ಕಾಪಾಡಲಾಗದವನಿಗೆ ಪಡೆಯುವ ಹಕ್ಕಿಲ್ಲ. ಮುಸ್ಲಿಮ್ ಅರಸರೆಲ್ಲ ಹೀಗೆಯೇ ನಡೆದರು ಎಂದು ನಾವು ಹೇಳುವುದಿಲ್ಲ. ಅಳತೆಗೋಲು ಇದು, ಇದರಿಂದ ಎಲ್ಲರನ್ನೂ ಅಳೆಯೋಣ.

ಪ್ರಜಾಪ್ರಭುತ್ವ ಹರಡುವ ಮಾತಿಗೆ ಇನ್ನೊಂದು ಪರೀಕ್ಷೆಯೂ ಇದೆ. ಇರಾನಿನಲ್ಲಿ ಪಾರ್ಲಿಮೆಂಟಿನ ಬೆಂಬಲದಿಂದ ಪ್ರಧಾನಿಯಾದ ಮುಸದ್ದಿಕ್ 1951ರಲ್ಲಿ ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿದರು. 1953ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆಗಳು ಸೇರಿ ಅವರನ್ನು ಉರುಳಿಸಿದವು. ತಾನಾಗಿ ಬೆಳೆಯುತ್ತಿದ್ದ ಗಿಡವನ್ನು ಕಿತ್ತವರು ಅರ್ಧ ಶತಮಾನದ ನಂತರ ಪಕ್ಕದ ತೋಟದಲ್ಲಿ ಸಸಿ ನೆಡಲು ಬಂದರೆ ಜನ ನಂಬುವುದು ಹೇಗೆ?

ನಮ್ಮ ಪಾಲಿನ ಕೆಲಸ

ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಸೂರಃ ಅಲ್‌ಮಾಇದಾದ ಆಜ್ಞೆ. ಪ್ರೀತಿಯೂ ಸರಿಸಬಾರದು. ಬುಷ್‌ರನ್ನು ಖಂಡಿಸುವ ನಾಲಿಗೆ ಹಲಬ್ಜಾದ ಹೆಸರು ಬಂದಾಗ ತಡವರಿಸಬಾರದು. ಸಹೋದರ ದಬ್ಬಾಳಿಕೆಗಾರನಾದರೆ ಅವನ ಕೈ ಹಿಡಿದು ತಡೆಯುವುದೇ ಅವನಿಗೆ ಮಾಡುವ ನೆರವು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮುಸ್ಲಿಮ್ ದೊರೆಯ ಝುಲ್ಮನ್ನು ಮುಸ್ಲಿಮರೇ ಮೊದಲು ಪ್ರಶ್ನಿಸಿದ್ದರೆ ಹೊರಗಿನವನಿಗೆ ನೆಪ ಸಿಗುವುದು ಕಷ್ಟ.

2019ರ ಅಕ್ಟೋಬರ್‌ನಲ್ಲಿ ಬಗ್ದಾದಿನ ತಹ್ರೀರ್ ಚೌಕದಲ್ಲೂ ನಾಸಿರಿಯಾದಲ್ಲೂ ಇರಾಕಿನ ಯುವಕರು ಬೀದಿಗೆ ಇಳಿದರು. ಪಂಥದ ಪಾಲು ಬೇಡ, ನಮಗೊಂದು ದೇಶ ಬೇಕು ಎಂಬುದು ಅವರ ಬೇಡಿಕೆ. ನೂರಾರು ಮಂದಿ ಗುಂಡಿಗೆ ಬಲಿಯಾದರು, ಪ್ರಧಾನಿ ರಾಜೀನಾಮೆ ಕೊಟ್ಟರು. ಅವರು ಬಯಸಿದ್ದೆಲ್ಲ ಸಿಗಲಿಲ್ಲ. ಆದರೆ ಆ ದನಿ ಯಾವ ವಿಮಾನದಿಂದಲೂ ಇಳಿದು ಬಂದದ್ದಲ್ಲ, ಅಲ್ಲಿನ ತಾಯಂದಿರ ಮಕ್ಕಳದ್ದು.

ಸತ್ಯವಿಶ್ವಾಸಿಗಳ ವ್ಯವಹಾರ ಪರಸ್ಪರ ಸಮಾಲೋಚನೆಯಿಂದ ನಡೆಯುತ್ತದೆ ಎಂದು ಕುರ್‌ಆನ್ ಹೇಳಿದೆ, ಆ ಅಧ್ಯಾಯದ ಹೆಸರೇ ಅಶ್ಶೂರಾ. ಮನೆಯಲ್ಲಿ ಮಗಳ ಮಾತು ಕೇಳದವನು, ಜಮಾಅತಿನ ವಾರ್ಷಿಕ ಸಭೆಗೆ ಬಾರದೆ, ಲೆಕ್ಕ ಓದುವಾಗ ಎದ್ದುಹೋಗುವವನು ದೂರದ ದೇಶದ ಪ್ರಜಾಪ್ರಭುತ್ವದ ಬಗ್ಗೆ ಎಷ್ಟು ಚರ್ಚಿಸಿದರೂ ಫಲವಿಲ್ಲ. ಮೊಬೈಲಿಗೆ ಬಂದ ಯುದ್ಧದ ವೀಡಿಯೋವನ್ನು ಮುಂದೂಡುವ ಮೊದಲು ಪರಿಶೀಲಿಸೋಣ. ಮರ್ದಿತನ ಹೆಸರು ಕೇಳುವ ಮೊದಲೇ ಅವನ ಪಕ್ಷದಲ್ಲಿ ನಿಲ್ಲುವುದನ್ನು ಮಕ್ಕಳಿಗೆ ಕಲಿಸೋಣ.

ಅಲ್ಲಾಹನು ಇರಾಕಿನ, ಲಿಬಿಯಾದ, ಜಗತ್ತಿನ ಎಲ್ಲ ಮರ್ದಿತರಿಗೆ ನೆಮ್ಮದಿ ಕೊಡಲಿ. ಝುಲ್ಮ್ ಮಾಡುವವರಾಗದಂತೆ, ಝುಲ್ಮಿಗೆ ನೆರಳಾಗದಂತೆ ನಮ್ಮನ್ನು ಕಾಪಾಡಲಿ. ಆಮೀನ್.