ಟೀಗೆ ಸಕ್ಕರೆ ಬೇಡ ಎಂದ ಮೂರು ಲಕ್ಷ ಜನ

ಹೋದ ವರ್ಷ ಪಕ್ಕದ ಊರಿನ ಆರೋಗ್ಯ ಶಿಬಿರಕ್ಕೆ ಸುದ್ದಿ ಮಾಡಲು ಹೋಗಿದ್ದೆ. ಜನ ಕಡಿಮೆ ಇದ್ದರು. ಸುಮ್ಮನೆ ಕೂರುವ ಬದಲು ನಾನೂ ಬೆರಳು ಚುಚ್ಚಿಸಿಕೊಂಡೆ. ಡಾಕ್ಟರ್ ಚೀಟಿ ನೋಡಿ, "ಇನ್ನೂ ಕಾಯಿಲೆ ಅಲ್ಲ, ಹೊಸ್ತಿಲಲ್ಲಿ ನಿಂತಿದ್ದೀರಿ. ಮೊದಲು ಸಕ್ಕರೆ ಬಿಡಿ" ಅಂದರು.

ಅಪ್ಪನಿಗೂ ಇದೇ ಕಾಯಿಲೆ ಇತ್ತು. ಕಾಲಿನ ಗಾಯ ಮಾಯದೆ ಹೆಬ್ಬೆರಳು ತೆಗೆಸಿದ್ದನ್ನು ನೋಡಿದವನು ನಾನು. ಹಾಗಾಗಿ ಮನೆಗೆ ಬಂದವನೇ ಅವ್ವನಿಗೆ, ನಾಳೆಯಿಂದ ನನ್ನ ಟೀಗೆ ಸಕ್ಕರೆ ಹಾಕಬೇಡ ಅಂದೆ. ಅವ್ವ ನಕ್ಕಳು.

"ಕಬ್ ಬೆಳ್ಯೋರ ಮನೇಲಿ ಸಕ್ರೆ ಬ್ಯಾಡ ಅಂದ್ರೆ ಜನ ನಗಾಡ್ತಾರೆ ಕಣ್ಲಾ. ಎಲ್ರೂ ಹಿಂಗೇ ಬಿಟ್ರೆ ನಮ್ ಕಬ್ ಯಾರ್ಗೆ?"

ಆ ಪ್ರಶ್ನೆಗೆ ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ನಮ್ಮದು ಮಂಡ್ಯ ಜಿಲ್ಲೆ. ಕನ್ನಂಬಾಡಿ ಕಟ್ಟೆಯ ನಾಲೆ ನೀರು ಬಂದ ಮೇಲೆ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ, ನಮ್ಮ ಬದುಕೇ ಕಬ್ಬಿನ ಸುತ್ತ ಸುತ್ತಿದೆ. ಇಲ್ಲಿ ಕೂತು ಸಕ್ಕರೆ ಬಿಡುವುದು ಹೇಗೆ ಎಂದು ಹುಡುಕುತ್ತಾ ಹೋದಾಗ ಹಳೆಯ ಕಥೆಯೊಂದು ಸಿಕ್ಕಿತು. ಸುಮಾರು 230 ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಲಕ್ಷಾಂತರ ಜನ ಒಟ್ಟಿಗೆ ಸಕ್ಕರೆ ಬಿಟ್ಟಿದ್ದರು. ಅವರಿಗೆ ಯಾವ ಡಾಕ್ಟರೂ ಹೇಳಿರಲಿಲ್ಲ.

ನಮ್ಮ ಶರ್ಕರೆ, ಅವರ ಷುಗರ್

ಸಕ್ಕರೆ ಮಾಡುವ ವಿದ್ಯೆ ಬೆಳೆದದ್ದು ನಮ್ಮ ದೇಶದಲ್ಲೇ. ಸಂಸ್ಕೃತದ 'ಶರ್ಕರಾ' ಪರ್ಷಿಯನ್ನರ ಬಾಯಲ್ಲಿ 'ಶಕರ್', ಅರಬರ ಬಾಯಲ್ಲಿ 'ಸುಕ್ಕರ್' ಆಗಿ, ಕೊನೆಗೆ ಇಂಗ್ಲಿಷರ 'ಷುಗರ್' ಆಯಿತು. 'ಖಂಡ' ಎಂಬ ಮಾತು 'ಕ್ಯಾಂಡಿ' ಆಯಿತು.

ಯುರೋಪಿನಲ್ಲಿ ಬಹುಕಾಲ ಸಕ್ಕರೆ ಅರಮನೆಯವರ ಪದಾರ್ಥ. ಆಮೇಲೆ ಜಮೈಕಾ, ಬಾರ್ಬಡೋಸ್ ಮೊದಲಾದ ಕೆರಿಬಿಯನ್ ದ್ವೀಪಗಳಲ್ಲಿ ಇಂಗ್ಲಿಷರು ಕಬ್ಬಿನ ತೋಟ ಮಾಡಿದರು. ಅದೇ ಹೊತ್ತಿಗೆ ಟೀ ಕುಡಿಯುವ ಅಭ್ಯಾಸವೂ ಹಬ್ಬಿತು. 1700ರ ಸುಮಾರಿಗೆ ಇಂಗ್ಲೆಂಡಿನಲ್ಲಿ ತಲೆಗೆ ವರ್ಷಕ್ಕೆ ಎರಡು ಕೆಜಿಯೂ ಇಲ್ಲದ ಸಕ್ಕರೆ, 1800ರ ಹೊತ್ತಿಗೆ ಎಂಟು ಕೆಜಿ ಆಯಿತು. ಬಡವರ ಮನೆಗೂ ಬಂತು. ಅಂದರೆ ಸಿಹಿಯ ಚಪಲ ಅವರಿಗೆ ಹುಟ್ಟಿನಿಂದ ಬಂದಷ್ಟೇ ಅಲ್ಲ, ಅಗ್ಗವಾಗಿ ಸಿಕ್ಕಿದ್ದರಿಂದಲೂ ಬೆಳೆದದ್ದು.

ಅಗ್ಗ ಆದದ್ದು ಹೇಗೆ?

ಆಲೆಮನೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಕಡಿದ ಕಬ್ಬನ್ನು ಬಿಸಿಲಲ್ಲಿ ಬಿಟ್ಟರೆ ರಸ ಕೆಡುತ್ತದೆ. ತಡಮಾಡದೆ ಅರೆಯಬೇಕು, ಅರೆದ ರಸವನ್ನು ಕೂಡಲೇ ಕೊಪ್ಪರಿಗೆಗೆ ಸುರಿದು ಕಾಯಿಸಬೇಕು. ಸುಗ್ಗಿಯಲ್ಲಿ ಹಗಲು ರಾತ್ರಿ ಅನ್ನುವಂತಿಲ್ಲ.

ಆ ದ್ವೀಪಗಳಲ್ಲಿ ಈ ಕೆಲಸ ಮಾಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಇತಿಹಾಸಕಾರರ ಲೆಕ್ಕದಲ್ಲಿ, ಯುರೋಪಿನ ಮತ್ತು ಅಮೆರಿಕದ ವ್ಯಾಪಾರಿಗಳು ಸುಮಾರು 1.25 ಕೋಟಿ ಜನರನ್ನು ಹಡಗು ಹತ್ತಿಸಿದರು. ಅವರಲ್ಲಿ ಸುಮಾರು 18 ಲಕ್ಷ ಜನ ಸಮುದ್ರದಲ್ಲೇ ಸತ್ತರು. ಬದುಕಿ ಬಂದವರಲ್ಲಿ ಬಹುಪಾಲು ಜನ ಸೇರಿದ್ದು ಕಬ್ಬಿನ ನಾಡುಗಳಿಗೆ. ನಿದ್ದೆಗೆಟ್ಟು ಗಾಣಕ್ಕೆ ಕಬ್ಬು ಕೊಡುವಾಗ ಕೈ ಸಿಕ್ಕಿಕೊಂಡರೆ, ಮೈಯೂ ಒಳಗೆ ಹೋಗದಿರಲಿ ಎಂದು ತೋಳು ಕಡಿಯಲು ಗಾಣದ ಪಕ್ಕದಲ್ಲೇ ಕೊಡಲಿ ಇಡುತ್ತಿದ್ದರು.

1791: ಸಂಸತ್ತು ಬೇಡ ಅಂದಿತು, ಅಡುಗೆಮನೆ ಹೂಂ ಅಂದಿತು

ಗುಲಾಮರ ವ್ಯಾಪಾರ ನಿಲ್ಲಿಸಬೇಕೆಂದು ವಿಲಿಯಂ ವಿಲ್ಬರ್‌ಫೋರ್ಸ್ 1791ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ತಂದ ಪ್ರಸ್ತಾಪ 88ಕ್ಕೆ 163 ಮತಗಳಿಂದ ಬಿದ್ದುಹೋಯಿತು.

ಅದೇ ವರ್ಷ ಲಂಡನ್ನಿನ ಪುಸ್ತಕ ವ್ಯಾಪಾರಿ ವಿಲಿಯಂ ಫಾಕ್ಸ್ ಒಂದು ಚಿಕ್ಕ ಪುಸ್ತಿಕೆ ಅಚ್ಚು ಹಾಕಿಸಿದ. ಸಂಸತ್ತು ಮಾಡದಿದ್ದರೆ ನಾವೇ ಮಾಡೋಣ, ಆ ದ್ವೀಪಗಳ ಸಕ್ಕರೆ ಕೊಳ್ಳುವುದನ್ನು ಬಿಡೋಣ ಎಂಬುದು ಅವನ ವಾದ. ಅವನು ಒಂದು ಲೆಕ್ಕವನ್ನೂ ಕೊಟ್ಟ. ವಾರಕ್ಕೆ ಐದು ಪೌಂಡ್, ಅಂದರೆ ಎರಡೂಕಾಲು ಕೆಜಿ ಸಕ್ಕರೆ ಬಳಸುವ ಕುಟುಂಬ 21 ತಿಂಗಳು ಅದನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮಗಿರಿಯಿಂದ ಅಥವಾ ಸಾವಿನಿಂದ ಉಳಿಯುತ್ತಾನೆ ಎಂದ. ಲೆಕ್ಕ ಎಷ್ಟು ಕರಾರುವಾಕ್ಕೋ, ಆದರೆ ಮಾತು ಮನೆ ಮನೆಗೆ ಮುಟ್ಟಿತು. ಪುಸ್ತಿಕೆ ಮತ್ತೆ ಮತ್ತೆ ಅಚ್ಚಾಯಿತು.

ಊರೂರು ಸುತ್ತಿ ಗುಲಾಮಗಿರಿಯ ಸಾಕ್ಷ್ಯ ಕೂಡಿಸುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಅಂದಾಜಿನಲ್ಲಿ ಮೂರು ಲಕ್ಷ ಜನ ಸಕ್ಕರೆ ಬಿಟ್ಟರು. ಇದರಲ್ಲಿ ಹೆಂಗಸರ ಪಾಲು ದೊಡ್ಡದು. ಅವರಿಗೆ ಮತ ಹಾಕುವ ಹಕ್ಕಿರಲಿಲ್ಲ. ಆದರೆ ಅಂಗಡಿಯಿಂದ ಏನು ತರಬೇಕು, ಏನು ಬೇಡ ಎಂಬ ಮಾತು ಅವರ ಕೈಯಲ್ಲಿತ್ತು.

ಚಪಲಕ್ಕೆ ಏನು ಮಾಡಿದರು?

ನನಗೆ ಹೆಚ್ಚು ಕುತೂಹಲ ಇದ್ದದ್ದು ಇದರಲ್ಲೇ. ಬಿಟ್ಟವರೆಲ್ಲ ಒಂದೇ ದಾರಿ ಹಿಡಿಯಲಿಲ್ಲ. ಕೆಲವರು ಬರೀ ಟೀ ಕುಡಿದರು. ಕೆಲವರು ಈಸ್ಟ್ ಇಂಡಿಯಾ ಸಕ್ಕರೆ, ಅಂದರೆ ನಮ್ಮ ಕಡೆಯಿಂದ ಹೋದ ಸಕ್ಕರೆ ಕೊಂಡರು. ಅಮೆರಿಕದಲ್ಲಿ ಬೆಂಜಮಿನ್ ರಶ್ ಎಂಬ ವೈದ್ಯ, ಮೇಪಲ್ ಮರದ ರಸ ಕಾಯಿಸಿದ ಸಕ್ಕರೆ ಬಳಸಿ ಎಂದು ಪ್ರಚಾರ ಮಾಡಿದ. ಲಂಡನ್ನಿನ ವಿಲಿಯಂ ಆಲೆನ್ ಎಂಬ ಔಷಧಿ ವ್ಯಾಪಾರಿ ಎಳೆಯ ವಯಸ್ಸಿನಲ್ಲೇ ಬಿಟ್ಟು, 43 ವರ್ಷ ಸಕ್ಕರೆ ಮುಟ್ಟಲಿಲ್ಲ.

ಎಲ್ಲರಿಗೂ ಸುಲಭವಾಗಿರಲಿಲ್ಲ. 1792ರಲ್ಲಿ ಜೇಮ್ಸ್ ಗಿಲ್‌ರೇ ಬರೆದ ವ್ಯಂಗ್ಯಚಿತ್ರದಲ್ಲಿ ಇಂಗ್ಲೆಂಡಿನ ರಾಜ, ರಾಣಿ ಸಕ್ಕರೆ ಇಲ್ಲದ ಟೀ ಹೀರುತ್ತಾ ಕೂತಿದ್ದಾರೆ. ರುಚಿ ನೋಡಿ, ಎಷ್ಟು ಚೆನ್ನಾಗಿದೆ, ಖರ್ಚೂ ಉಳಿಯುತ್ತದೆ ಎಂದು ರಾಣಿ ಪುಸಲಾಯಿಸುತ್ತಿದ್ದಾಳೆ. ಹೆಣ್ಣುಮಕ್ಕಳು ಮಾತ್ರ ಮುಖ ಊದಿಸಿಕೊಂಡು ಬಟ್ಟಲು ಹಿಡಿದಿದ್ದಾರೆ. ಆ ಚಿತ್ರ ನೋಡಿದಾಗ ನನ್ನ ಮೊದಲ ವಾರದ ಮುಖವೇ ನೆನಪಾಯಿತು.

ಮುಂದೆ ಏನಾಯಿತು?

ಕೆಲವೇ ವರ್ಷದಲ್ಲಿ ಫ್ರಾನ್ಸ್ ಜೊತೆ ಯುದ್ಧ ಬಂದು ಚಳವಳಿ ಕಾವು ಕಳೆದುಕೊಂಡಿತು. 1807ರಲ್ಲಿ ಗುಲಾಮರ ವ್ಯಾಪಾರ ನಿಂತರೂ, ಇದ್ದವರು ಗುಲಾಮರಾಗಿಯೇ ಉಳಿದರು. 1824ರಲ್ಲಿ ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್ ಎಂಬ ಹೆಂಗಸು, ನಿಧಾನವಾಗಿ ಅಲ್ಲ, ಈಗಲೇ ಬಿಡುಗಡೆ ಆಗಬೇಕು ಎಂದು ಪುಸ್ತಿಕೆ ಬರೆದಳು. ಬಾಗಿಲು ಬಾಗಿಲಿಗೆ ಹೋಗಿ ಸಕ್ಕರೆ ಬಿಡಿ ಎಂದು ಕೇಳಿದಳು. ಬೇರೆ ಊರುಗಳ ಮಹಿಳಾ ಸಂಘಗಳೂ ಇದೇ ಕೆಲಸಕ್ಕೆ ಇಳಿದವು. ಗುಲಾಮರು ಮಾಡದ ಸಕ್ಕರೆ ಎಂದು ಬರೆಸಿದ ಬಟ್ಟಲುಗಳು ಟೀ ಮೇಜಿನ ಮೇಲೆ ಬಂದವು. 1833ರಲ್ಲಿ ಕಾಯ್ದೆ ಬಂತು. ಹೇರಿಕ್ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು.

ಸಕ್ಕರೆ ಬಿಟ್ಟಿದ್ದರಿಂದಲೇ ಗುಲಾಮಗಿರಿ ಹೋಯಿತು ಎಂದರೆ ತಪ್ಪಾಗುತ್ತದೆ. ಗುಲಾಮರೇ ಎದ್ದು ನಿಂತರು. ಫ್ರೆಂಚರ ಕೈಯಲ್ಲಿದ್ದ ಹೈಟಿಯಲ್ಲಿ 1791ರಲ್ಲೇ ದಂಗೆ ಶುರುವಾಗಿ 1804ರಲ್ಲಿ ಸ್ವತಂತ್ರ ದೇಶವಾಯಿತು. ಜಮೈಕಾದಲ್ಲಿ 1831ರ ಕೊನೆಗೆ ದೊಡ್ಡ ಬಂಡಾಯ ಆಯಿತು. ಕಾಯ್ದೆ ಬಂದಾಗಲೂ ಎರಡು ಕೋಟಿ ಪೌಂಡ್ ಪರಿಹಾರ ಹೋದದ್ದು ಮಾಲೀಕರಿಗೆ. ದುಡಿದವರಿಗೆ ಬಿಡಿಗಾಸೂ ಇಲ್ಲ. ಆಮೇಲೆ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು ನಮ್ಮ ದೇಶದವರು. 1834ರಿಂದ ಮಾರಿಷಸ್‌ಗೆ, ನಂತರ ಟ್ರಿನಿಡಾಡ್, ಫಿಜಿಗೆ.

ನಾನು ಕಲಿತದ್ದು

ಆ ಜನರಿಂದ ನಾನು ಮೂರು ವಿಷಯ ತಗೊಂಡೆ. ಒಂದು, ಲೆಕ್ಕ. ದಿನಕ್ಕೆ ಎಂಟು ಟೀ ಕುಡಿಯುತ್ತಿದ್ದೆ, ಒಂದೊಂದಕ್ಕೆ ಎರಡು ಚಮಚ. ಚಮಚಕ್ಕೆ ನಾಲ್ಕು ಗ್ರಾಂ ಅಂದರೂ 64 ಗ್ರಾಂ, ತಿಂಗಳಿಗೆ ಸುಮಾರು ಎರಡು ಕೆಜಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಎರಡು, ಜಾಗ ಖಾಲಿ ಬಿಡಬಾರದು. ಮಧ್ಯಾಹ್ನದ ಟೀ ಬದಲು ಮಜ್ಜಿಗೆ, ಊಟದ ಮೇಲೆ ಸಿಹಿ ಬೇಕೆನಿಸಿದರೆ ಒಂದು ತುಂಡು ಸೀಬೆಹಣ್ಣು. ಎರಡು ಚಮಚದಿಂದ ಒಂದಕ್ಕೆ, ಒಂದರಿಂದ ಅರ್ಧಕ್ಕೆ, ವಾರ ವಾರ ಇಳಿಸಿದೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಎಂದು ಮೊದಲು ನನ್ನನ್ನೇ ನಂಬಿಸಿಕೊಂಡಿದ್ದೆ. ರಕ್ತಕ್ಕೆ ಅದೂ ಸಕ್ಕರೆಯೇ. ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಮಾತ್ರ ಡಾಕ್ಟರನ್ನು ಕೇಳಿಯೇ ಊಟ ಬದಲಿಸಿ.

ಮೂರನೆಯದು, ಒಬ್ಬನೇ ಬಿಡಬಾರದು. ಮನೆಯಲ್ಲಿ ಎಲ್ಲರೂ ಸಿಹಿ ಟೀ ಕುಡಿಯುತ್ತಾ ಒಬ್ಬನಿಗೆ ಸಪ್ಪೆ ಕೊಟ್ಟರೆ ನಾಲ್ಕು ದಿನವೂ ನಡೆಯುವುದಿಲ್ಲ. ಅಪ್ಪನಿಗೆ ನಾವು ಮಾಡಿದ್ದು ಅದೇ. ಅವರ ಮುಂದೆಯೇ ಹೋಳಿಗೆ ತಿಂದು, ಅವರು ಕೈ ಹಾಕಿದರೆ ಬೈಯುತ್ತಿದ್ದೆವು.

ಇದನ್ನು ಅವ್ವನಿಗೆ ಹೇಳಿದೆ. ಇಂಗ್ಲೆಂಡಿನ ಹೆಂಗಸರ ಕಥೆಯನ್ನೂ, ಗಾಣದ ಪಕ್ಕದ ಕೊಡಲಿಯ ಕಥೆಯನ್ನೂ ಹೇಳಿದೆ. ಕೊಡಲಿಯ ಮಾತು ಬಂದಾಗ ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮ ಗದ್ದೆಗೆ ಕಬ್ಬು ಕಡಿಯಲು ಹೊರ ಜಿಲ್ಲೆಯಿಂದ ಬಂದು, ಗುಡಿಸಲು ಹಾಕಿಕೊಂಡು, ಬಾಣಂತಿಯನ್ನೂ ಕರೆದುಕೊಂಡು ಬಂದಿದ್ದ ಕುಟುಂಬವನ್ನು ನೆನೆಸಿಕೊಂಡಳು.

ಅವಳ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟೆ: ನಮ್ಮ ಮನೆಯ ಎರಡು ಕೆಜಿಯಿಂದ ಕಬ್ಬಿನ ಬೆಲೆ ಬೀಳುವುದಿಲ್ಲ. ಬೆಳೆದವರಿಗೆ ಹೊತ್ತಿಗೆ ಸರಿಯಾಗಿ ದುಡ್ಡು, ಕಡಿದವರಿಗೆ ಸರಿಯಾದ ಕೂಲಿ ಸಿಗಬೇಕು ಎಂದು ಕೇಳುವುದಕ್ಕೆ ನಾವು ಸಕ್ಕರೆ ತಿನ್ನಲೇಬೇಕು ಎಂದೇನಿಲ್ಲ.

ಈಗ ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಅಟ್ಟದ ಮೇಲಿದೆ. ನೆಂಟರು ಬಂದರೆ ಇಳಿಯುತ್ತದೆ. ಯುಗಾದಿಗೆ ಹೋಳಿಗೆಯೂ ಆಯಿತು, ನಾನು ಅರ್ಧ ತಿಂದೆ. ಅವ್ವ ಕೂಡ ಸಪ್ಪೆ ಟೀ ಕುಡಿಯುತ್ತಾಳೆ. ಗಿಲ್‌ರೇ ಚಿತ್ರದ ರಾಜಕುಮಾರಿಯರ ಹಾಗೆ ಮುಖ ಊದಿಸಿಕೊಂಡೇ ಕುಡಿಯುತ್ತಾಳೆ, ಆದರೆ ಕುಡಿಯುತ್ತಾಳೆ.