ನಾನ್ ಯಾರದ್ದು?

2024ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಮುಂದೆ ಒಂದು ದಾವೆ ಬಂತು. ಒಟ್ಟು 2,752 ಪುಟ. ಕೊಲೆ ಅಲ್ಲ, ಹಗರಣ ಅಲ್ಲ, ಗಡಿ ತಕರಾರೂ ಅಲ್ಲ. ಬಟರ್ ಚಿಕನ್ ಮತ್ತು ದಾಲ್ ಮಖನಿಯನ್ನು ಮೊದಲು ಮಾಡಿದ್ದು ಯಾರು ಅನ್ನೋದೇ ಜಗಳ. ಒಂದು ಕಡೆ ಮೋತಿ ಮಹಲ್, ಇನ್ನೊಂದು ಕಡೆ ದರಿಯಾಗಂಜ್ ಅನ್ನೋ ಹೋಟೆಲ್ ಸರಣಿ. ಎರಡೂ ಕಡೆಯ ಹಿರಿಯರು ಪೇಶಾವರದಿಂದ ಬಂದವರು. ಇಬ್ಬರ ಹೆಸರೂ ಕುಂದನ್ ಲಾಲ್! ಒಬ್ಬರು ಗುಜ್ರಾಲ್, ಇನ್ನೊಬ್ಬರು ಜಗ್ಗಿ. ಸುದ್ದಿ ವಾಹಿನಿಗಳಿಗೆ ಇನ್ನೇನು ಬೇಕು ಹೇಳಿ?

ನಾವೂ ಆ ಸುದ್ದಿ ಮಾಡಿದ್ವಿ. ಪರದೆ ಮೇಲೆ ಕೆಂಪು ಗ್ರೇವಿಯ ದೃಶ್ಯ ಮತ್ತೆ ಮತ್ತೆ ಓಡ್ತಾ ಇತ್ತು. ಆ ಗ್ರೇವಿಗೆ ಅದ್ದಿ ಎತ್ತುವ ಕೈಯಲ್ಲಿ ಇನ್ನೊಂದು ತಿನಿಸು ಇತ್ತು. ನಾನ್. ಅದು ಯಾರದ್ದು ಅಂತ ದಾವೆ ಹೂಡಿದವರು ಯಾರೂ ಇಲ್ಲ. ಹೂಡೋದಕ್ಕೆ ಆಗೋದೂ ಇಲ್ಲ. ನಾನ್ ಒಬ್ಬರ ಮನೆಯಲ್ಲಿ, ಒಬ್ಬರ ಕೈಯಲ್ಲಿ ಹುಟ್ಟಿದ್ದಲ್ಲ. ಅದು ಒಂದು ಒಲೆಯಿಂದ ಹುಟ್ಟಿದ್ದು. ಹಾಗಾಗಿ ನಾನ್ ಇತಿಹಾಸ ಹೇಳೋಕೆ ಹೊರಟರೆ ಆ ಒಲೆಯ ಕಥೆ, ಮತ್ತು ಅದರ ಬಾಯಿ ಮುಂದೆ ನಿಂತವರ ಕಥೆ ಹೇಳಬೇಕಾಗುತ್ತೆ.

ಮೊದಲು ಹೆಸರು. ಕನ್ನಡದಲ್ಲಿ 'ನಾನ್' ಅಂದ್ರೆ ನಾವು ನಗ್ತೀವಿ, 'ನಾನ್ ಬಂದೆ, ನಾನ್ ತಿಂದೆ' ಅಂತ ಜೋಕ್ ಮಾಡ್ತೀವಿ. ಅದು ಪಾರ್ಸಿ ಪದ. ಅರ್ಥ ಸರಳ: ರೊಟ್ಟಿ, ಬ್ರೆಡ್. ಹಾಗಾಗಿ ಮೆನು ಕಾರ್ಡಿನಲ್ಲಿ 'ನಾನ್ ಬ್ರೆಡ್' ಅಂತ ಬರೆದರೆ 'ರೊಟ್ಟಿ ರೊಟ್ಟಿ' ಅಂತ ಬರೆದ ಹಾಗೆ.

ತಂದೂರ್ ಅನ್ನೋ ಪದ ಇನ್ನೂ ಹಳೇದು. ಪುರಾತನ ಮೆಸಪಟೋಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ ಒಲೆಗೆ 'ತಿನೂರು' ಅಂತಿದ್ರು. ಅರಬ್ಬಿಯಲ್ಲಿ ತನ್ನೂರ್, ಪಾರ್ಸಿಯಲ್ಲಿ ತನೂರ್, ನಮ್ಮಲ್ಲಿ ತಂದೂರ್. ರಾಜಸ್ಥಾನದ ಕಾಳಿಬಂಗನ್‌ನಲ್ಲಿ, ಅಂದ್ರೆ ಹರಪ್ಪ ನಾಗರಿಕತೆಯ ಊರೊಂದರಲ್ಲಿ, ತಂದೂರ್ ಹೋಲುವ ಮಣ್ಣಿನ ಒಲೆಗಳು ಅಗೆತದಲ್ಲಿ ಸಿಕ್ಕಿವೆ. ಈಗ ಹೇಳಿ, ಪದ ಹೊರಗಿಂದ ಬಂದದ್ದು, ಒಲೆ ಇಲ್ಲೇ ಇದ್ದದ್ದು. ನಾನ್ ನಮ್ಮದಾ, ಅವರದ್ದಾ? ಪ್ಯಾನೆಲ್ ಚರ್ಚೆಗೆ ಇದು ಒಳ್ಳೆ ವಿಷಯ, ಆದರೆ ನಾಲ್ಕು ಸಾವಿರ ವರ್ಷದ ಹಿಂದಿನ ಒಲೆಗೆ ಪಾಸ್‌ಪೋರ್ಟ್ ಕೇಳೋದು ಎಲ್ಲಿಯ ನ್ಯಾಯ?

'ನಾನ್ ಮೊಘಲರು ತಂದಿದ್ದು' ಅನ್ನೋ ವಾಟ್ಸಾಪ್ ಜ್ಞಾನ ಇದೆಯಲ್ಲ, ಅದೂ ನಿಲ್ಲೋದಿಲ್ಲ. ದೆಹಲಿ ಸುಲ್ತಾನರ ಕಾಲದ ಕವಿ ಅಮೀರ್ ಖುಸ್ರೋ ತೆಳು ನಾನ್ ಮತ್ತು ತಂದೂರಿ ನಾನ್, ಎರಡರ ಹೆಸರನ್ನೂ ಹೇಳ್ತಾನೆ. ಅವನು ತೀರಿಕೊಂಡಿದ್ದು 1325ರಲ್ಲಿ. ಬಾಬರ್ ಪಾಣಿಪತ್ ಗೆದ್ದಿದ್ದು 1526ರಲ್ಲಿ. ನಡುವೆ ಎರಡು ಶತಮಾನ!

ಮೊಘಲರಿಂದ ನಮಗೆ ಸಿಕ್ಕಿದ್ದು ಲೆಕ್ಕ. ಅಕ್ಬರನ ಆಸ್ಥಾನದ ಅಬುಲ್ ಫಜಲ್ 1590ರ ದಶಕದಲ್ಲಿ ಬರೆದ 'ಐನ್-ಇ-ಅಕ್ಬರಿ'ಯಲ್ಲಿ ಅಡುಗೆಮನೆಯ ರೊಟ್ಟಿಗೂ ಜಾಗ ಇದೆ. ಒಲೆಯಲ್ಲಿ ಬೇಯಿಸುವ ದೊಡ್ಡ ರೊಟ್ಟಿಗೆ 10 ಸೇರು ಹಿಟ್ಟು, 5 ಸೇರು ಹಾಲು, ಒಂದೂವರೆ ಸೇರು ತುಪ್ಪ, ಕಾಲು ಸೇರು ಉಪ್ಪು. ಎಂಜಿನಿಯರಿಂಗ್ ಓದಿದವರಿಗೆ ಅನುಪಾತ ಕಂಡರೆ ಕೈ ಸುಮ್ಮನಿರಲ್ಲ. ಇವತ್ತಿನ ಲೆಕ್ಕದಲ್ಲಿ 1 ಕಿಲೋ ಹಿಟ್ಟಿಗೆ ಅರ್ಧ ಕಿಲೋ ಹಾಲು, 150 ಗ್ರಾಂ ತುಪ್ಪ. ನೀರಿನ ಮಾತೇ ಇಲ್ಲ. ಪಕ್ಕದಲ್ಲೇ ಇನ್ನೊಂದು ರೊಟ್ಟಿಯ ವಿಷಯ ಇದೆ. ಕಬ್ಬಿಣದ ಹಂಚಿನ ಮೇಲೆ ಬೇಯಿಸುವ ತೆಳು ರೊಟ್ಟಿ, ಒಂದು ಸೇರಿಗೆ ಹದಿನೈದಕ್ಕೂ ಹೆಚ್ಚು ಆಗುತ್ತೆ, ಅದರಲ್ಲೊಂದು ಬಗೆ ಚಪಾತಿ. ನನಗೆ ಈ ಪುಟದಲ್ಲಿ ಮುಖ್ಯವಾಗಿ ಕಾಣೋದು ಇದೇ. ಹಂಚು ಯಾರ ಮನೆಯಲ್ಲಾದರೂ ಇರಬಹುದು. ಹಾಲು ತುಪ್ಪ ಕುಡಿದ ಹಿಟ್ಟು, ಅದಕ್ಕೊಂದು ದೊಡ್ಡ ಒಲೆ, ಆ ಒಲೆಗೆ ದಿನವಿಡೀ ಕಾವು, ಇದೆಲ್ಲ ಅರಮನೆಗೆ ಮಾತ್ರ ಸಾಧ್ಯ.

ಹಾಗಾದ್ರೆ ಬಡವರು ನಾನ್ ತಿನ್ನಲೇ ಇಲ್ವಾ? ತಿಂದರು, ಅಂಗಡಿಯಿಂದ. ದೆಹಲಿ, ಲಾಹೋರ್, ಪೇಶಾವರದ ಗಲ್ಲಿಗಳಲ್ಲಿ ನಾನ್‌ಬಾಯಿ ಅನ್ನೋ ಕಸುಬಿನವರಿದ್ದರು, ಈಗಲೂ ಇದ್ದಾರೆ. ಅವರ ಕೆಲಸ ನಾನ್ ಸುಡೋದು, ಅಷ್ಟೇ. ಸಾರು, ಪಲ್ಯ ನಿಮ್ಮ ಮನೆಯಲ್ಲಿ ಮಾಡ್ಕೊಳ್ಳಿ, ನಾನ್ ಅವರ ಹತ್ತಿರ ತಗೊಳ್ಳಿ. ಕಾಶ್ಮೀರದಲ್ಲಿ ಇದೇ ಕೆಲಸ ಮಾಡುವವರು ಕಾಂದುರ್. ಬೆಳಗಿನ ಚಹಾಕ್ಕೆ ಬಿಸಿ ರೊಟ್ಟಿ ತರೋಕೆ ಅವರ ಅಂಗಡಿ ಮುಂದೆ ಜನ ನಿಲ್ತಾರೆ. ಪಂಜಾಬಿನ ಹಳ್ಳಿಗಳಲ್ಲಿ ಬೇರೆ ಉಪಾಯ: ಸಾಂಝಾ ಚೂಲ್ಹಾ, ಅಂದ್ರೆ ಹಂಚಿಕೊಂಡ ಒಲೆ. ಓಣಿಗೊಂದು ತಂದೂರ್. ಹೆಂಗಸರು ಮನೆಯಲ್ಲಿ ಹಿಟ್ಟು ನಾದಿಕೊಂಡು ಬಂದು, ಸರದಿಯಲ್ಲಿ ಸುಟ್ಟುಕೊಂಡು ಹೋಗೋದು. ಅಲ್ಲಿ ಬೇಯುತ್ತಿದ್ದದ್ದು ಹೆಚ್ಚಾಗಿ ಗೋಧಿ ರೊಟ್ಟಿ, ಮೈದಾ ನಾನ್ ಅಲ್ಲ. ಆದರೆ ಒಲೆ ಅದೇ, ಮತ್ತು ಊರಿನ ಸುದ್ದಿಯೆಲ್ಲ ಬಿಸಿ ಆಗುತ್ತಿದ್ದದ್ದೂ ಅಲ್ಲೇ.

ನಮ್ಮ ಕಡೆಗೂ ಇದರ ಒಂದು ಎಳೆ ಇದೆ. ಹೈದರಾಬಾದ್ ನಿಜಾಮರ ಬಾವುಟದ ಮಧ್ಯೆ ಒಂದು ಬಿಳಿ ವೃತ್ತ ಇತ್ತು. ಅದು ಕುಲ್ಚಾ, ನಾನ್‌ನ ತಮ್ಮ, ಅನ್ನೋದು ಜನರ ಮಾತು. ಮೊದಲ ನಿಜಾಮನಿಗೆ ಸೂಫಿ ಸಂತರೊಬ್ಬರು ಕುಲ್ಚಾ ಕೊಟ್ಟರಂತೆ, ಅವನು ಏಳು ತಿಂದನಂತೆ, ನಿನ್ನ ವಂಶ ಏಳು ತಲೆಮಾರು ಆಳುತ್ತೆ ಅಂದರಂತೆ. ದಂತಕಥೆ, ಪುರಾವೆ ಕೇಳಬೇಡಿ. ಆದರೆ ಬೀದರ್, ಕಲಬುರಗಿ, ರಾಯಚೂರಿನ ಜನ 1948ರ ಸೆಪ್ಟೆಂಬರ್‌ವರೆಗೆ ಬದುಕಿದ್ದು ಆ ಬಾವುಟದ ಕೆಳಗೇ. ಬೆಂಗಳೂರು, ಮೈಸೂರಿನವರು 'ನಾನ್ ನಾರ್ತ್ ಇಂಡಿಯನ್' ಅಂತ ಹೇಳುವಾಗ ಕಲ್ಯಾಣ ಕರ್ನಾಟಕದವರು ಸುಮ್ಮನೆ ನಕ್ಕರೆ ಅದಕ್ಕೆ ಕಾರಣ ಇದೆ.

1947. ದೇಶ ಎರಡಾಯ್ತು. ಪಶ್ಚಿಮ ಪಂಜಾಬಿನಿಂದ, ಪೇಶಾವರದಿಂದ ಜನ ದೆಹಲಿಗೆ ಬಂದರು. ಮನೆ ಇಲ್ಲ, ಜಮೀನಿಲ್ಲ. ಮಣ್ಣು ಇದ್ದರೆ ತಂದೂರ್ ಕಟ್ಟೋದು ಗೊತ್ತು, ಹಿಟ್ಟು ನಾದೋದು ಗೊತ್ತು. ಮನೆಮಂದಿಯ ಒಲೆ, ಗಲ್ಲಿಯ ಒಲೆ ಈಗ ಢಾಬಾದ ಒಲೆ ಆಯ್ತು, ಹೋಟೆಲಿನ ಒಲೆ ಆಯ್ತು. ನಾವು ಇವತ್ತು ಮದುವೆ ಆರತಕ್ಷತೆಯಲ್ಲಿ ಪನೀರ್ ಜೊತೆ ತಿನ್ನೋ ನಾನ್ ನಮ್ಮ ತಟ್ಟೆಗೆ ಬಂದ ದಾರಿ ಅದು. ಊರು ಬಿಟ್ಟು ಬಂದವರ ಹೊಟ್ಟೆಪಾಡಿನ ದಾರಿ.

ಈಗ ತಯಾರಿಕೆಗೆ ಬರ್ತೀನಿ. ಇಲ್ಲಿ ನಂಗೆ ಸ್ವಲ್ಪ ಜಾಸ್ತಿ ಸಮಯ ಕೊಡಿ.

ಮೈದಾ, ಮೊಸರು, ಸ್ವಲ್ಪ ಹಾಲು, ಎಣ್ಣೆ, ಉಪ್ಪು, ಚಿಟಿಕೆ ಸಕ್ಕರೆ. ಉಬ್ಬೋಕೆ ಯೀಸ್ಟ್ ಇಲ್ಲವೇ ಸೋಡಾ. ಸೋಡಾ ಹಾಕಿದರೆ ಮೊಸರಿನ ಹುಳಿ ಅದರ ಜೊತೆ ಸೇರಿ ಅನಿಲ ಬಿಡುತ್ತೆ. ನಾದಿದಾಗ ಗೋಧಿಯ ಗ್ಲುಟೆನ್ ಬಲೆಯ ಹಾಗೆ ಹೆಣೆದುಕೊಂಡು ಆ ಅನಿಲವನ್ನು ಹಿಡಿದಿಡುತ್ತೆ. ನಮ್ಮ ಜೋಳ, ರಾಗಿಯಲ್ಲಿ ಈ ಗ್ಲುಟೆನ್ ಇಲ್ಲ. ಅದಕ್ಕೇ ಉತ್ತರ ಕರ್ನಾಟಕದ ಅವ್ವಂದಿರು ಬಿಸಿನೀರು ಹಾಕಿ ಕಲಸಿ, ಕೈಯಲ್ಲಿ ಬಡಿದು ರೊಟ್ಟಿ ಮಾಡೋದು. ಎಳೆದು ಗೋಡೆಗೆ ಅಂಟಿಸೋಕೆ ಹೋದ್ರೆ ಜೋಳದ ಹಿಟ್ಟು ಪುಡಿಪುಡಿಯಾಗಿ ಕೆಂಡದ ಪಾಲು.

ಉಂಡೆಗಳನ್ನು ಒದ್ದೆ ಬಟ್ಟೆ ಮುಚ್ಚಿ ಒಂದೆರಡು ಗಂಟೆ ಬಿಡಬೇಕು. ಆಮೇಲೆ ಕೈಯಿಂದ ತಟ್ಟಿ, ಎಳೆದು, ಗದ್ದಿ ಅನ್ನೋ ಬಟ್ಟೆಯ ದಿಂಬಿನ ಮೇಲೆ ಹಾಸಿ, ಹಿಂಬದಿಗೆ ನೀರು ಸವರಿ, ತಂದೂರಿನೊಳಗೆ ಕೈ ಹಾಕಿ ಗೋಡೆಗೆ ಒತ್ತಬೇಕು. ಆ ಗೋಡೆ ಸುಮಾರು 400 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ನಿಮ್ಮ ಮನೆಯ ಓವನ್ 250ಕ್ಕೆ ಸುಸ್ತಾಗುತ್ತೆ. ಕಾಲೇಜಲ್ಲಿ ಶಾಖ ಹರಿಯುವ ಮೂರು ದಾರಿ ಅಂತ ಬಾಯಿಪಾಠ ಮಾಡಿದ್ವಲ್ಲ, ಮೂರೂ ಇಲ್ಲಿ ಒಟ್ಟಿಗೆ ಕೆಲಸ ಮಾಡ್ತವೆ. ಬೆನ್ನಿಗೆ ಜೇಡಿಮಣ್ಣಿನ ಗೋಡೆಯ ನೇರ ಶಾಖ, ಮುಖಕ್ಕೆ ಕೆಂಡದ ವಿಕಿರಣ, ಸುತ್ತ ಮೇಲೇಳುವ ಬಿಸಿಗಾಳಿ. ಅದಕ್ಕೇ ನಾನ್ ಮಗುಚುವ ಪ್ರಶ್ನೆಯೇ ಇಲ್ಲ. ಒಂದರಿಂದ ಒಂದೂವರೆ ನಿಮಿಷ. ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತೆ, ಗುಳ್ಳೆಯ ನೆತ್ತಿ ಕಪ್ಪಾಗುತ್ತೆ, ಒಳಗಿನ ತೇವ ಹೊರಹೋಗುವ ಮೊದಲೇ ಬೆಂದಿರುತ್ತೆ. ಹೊರಗೆ ಗರಿ, ಒಳಗೆ ಮೆದು. ಎಲ್ಲರೂ ನಾನ್‌ಗೆ ಮರುಳಾಗೋದು ಈ ಒಂದು ಗುಣಕ್ಕೆ.

ಗೋಡೆ ತಣ್ಣಗಿದ್ರೆ ನಾನ್ ಜಾರಿ ಕೆಂಡಕ್ಕೆ ಬೀಳುತ್ತೆ. ಅತಿ ಕಾದಿದ್ರೆ ಉಪ್ಪುನೀರು ಚಿಮುಕಿಸಿ ತಣಿಸಬೇಕು. ಇದಕ್ಕೆ ಮೀಟರ್ ಇಲ್ಲ. ಚುನಾವಣಾ ವರದಿಗೆ ಅಂತ ಊರೂರು ಸುತ್ತುವಾಗ ಹೆದ್ದಾರಿ ಪಕ್ಕದ ಹೋಟೆಲೊಂದರ ಅಡುಗೆಮನೆಗೆ ಹೋಗಿದ್ದೆ. ಅಲ್ಲಿನ ತಂದೂರ್ ಮಾಸ್ಟರ್ ಉತ್ತರಾಖಂಡದವರು. ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲಿಲ್ಲ. 'ಭಯ್ಯಾ, ಕಾವು ಹೆಂಗೆ ಗೊತ್ತಾಗುತ್ತೆ?' ಅಂದೆ. ಚೂರು ಹಿಟ್ಟು ಗೋಡೆಗೆ ಮೆತ್ತಿ ತೋರಿಸಿದ್ರು. ದಿನಕ್ಕೆಷ್ಟು ನಾನ್ ತಿಂತೀರಿ ಅಂದಿದ್ದಕ್ಕೆ ಅರ್ಧಂಬರ್ಧ ಕನ್ನಡದಲ್ಲಿ ಉತ್ತರ ಬಂತು: 'ನಾನು ಅನ್ನ ತಿಂತೀನಿ ಸಾರ್. ರಾತ್ರಿ ಇದರ ವಾಸನೆ ಬೇಡ ಅನ್ಸುತ್ತೆ.'

ಆ 2,752 ಪುಟದ ಜಗಳ ಒಂದು ಕಡೆಯಾದರೆ, ಈ ಒಲೆಗೆ ಬೇರೆ ಕಾನೂನೂ ಇದೆ. ದೆಹಲಿ ಸುತ್ತಮುತ್ತ ವಾಯು ಗುಣಮಟ್ಟ ಸೂಚ್ಯಂಕ 200 ದಾಟಿದರೆ ಜಾರಿಯಾಗುವ ನಿಯಮಗಳಲ್ಲಿ ಹೋಟೆಲ್ ತಂದೂರಿಗೆ ಇದ್ದಿಲು, ಸೌದೆ ಹಾಕಬಾರದು ಅನ್ನೋದೂ ಒಂದು. ಮುಂಬೈಯಲ್ಲಿ 2025ರಲ್ಲಿ ಹೈಕೋರ್ಟ್ ಆದೇಶದ ನಂತರ ಪಾಲಿಕೆ ಬೇಕರಿ, ಹೋಟೆಲ್‌ಗಳಿಗೆ ಗ್ಯಾಸ್, ವಿದ್ಯುತ್ತಿಗೆ ಬನ್ನಿ ಅಂತ ನೋಟಿಸ್ ಕೊಟ್ಟಿತು. 'ಸಂಸ್ಕೃತಿ ಸತ್ತೇ ಹೋಯ್ತು' ಅಂತ ಕೂಗಿದವರಿದ್ದಾರೆ. ನಾನು ಆ ಗುಂಪಿನವನಲ್ಲ. ಒಂದೂವರೆ ನಿಮಿಷದಲ್ಲಿ ನಾನ್ ಎಷ್ಟು ಹೊಗೆ ಹೀರಿಕೊಂಡೀತು? ಅದರ ರುಚಿ ಕಾದ ಮಣ್ಣಿನ ಗೋಡೆಯದ್ದು, ಗೋಡೆಯನ್ನು ಗ್ಯಾಸೂ ಕಾಯಿಸುತ್ತೆ. ಆದರೆ ಅದೇ ಹೊಗೆಯನ್ನು ಹತ್ತು ಗಂಟೆ ಕುಡಿಯುವ ಮನುಷ್ಯ ಒಬ್ಬ ಇದ್ದಾನಲ್ಲ? ಚಿಂತೆ ಮಾಡೋದಾದರೆ ಬದಲಾವಣೆಯ ಖರ್ಚು ಸಣ್ಣ ಢಾಬಾದವನ ತಲೆ ಮೇಲೆ ಬೀಳದ ಹಾಗೆ ಹೇಗೆ ಅನ್ನೋದನ್ನು ಚಿಂತಿಸಲಿ.

ಮನೆಯಲ್ಲಿ ಮಾಡಬೇಕು ಅನ್ನುವವರಿಗೆ: ಹಿಡಿಯಿರುವ ಕಬ್ಬಿಣದ ತವಾ ಚೆನ್ನಾಗಿ ಕಾಯಿಸಿ, ನಾನ್‌ನ ಒದ್ದೆ ಬದಿ ಅಂಟಿಸಿ, ತವಾವನ್ನೇ ಉರಿಯ ಮೇಲೆ ಬೋರಲು ಹಿಡಿಯಿರಿ. ನಾನ್‌ಸ್ಟಿಕ್ ಬೇಡ, ಹೆಸರೇ ಹೇಳುವ ಹಾಗೆ ಅಂಟೋದಿಲ್ಲ. ಹೋಟೆಲಿಗೆ ಹೋದಾಗ ನಾಲ್ಕು ಜನಕ್ಕೆ ಎಂಟು ನಾನ್ ಒಟ್ಟಿಗೆ ಹೇಳಬೇಡಿ. ಹತ್ತು ನಿಮಿಷಕ್ಕೆ ಚಕ್ಕಳ ಆಗುತ್ತೆ. ಎರಡು ಹೇಳಿ, ಹರಿದು ಹಂಚಿಕೊಳ್ಳಿ, ಮುಗಿದ ಮೇಲೆ ಇನ್ನೆರಡು ಹೇಳಿ.